ಮನೆಯ ಚಿತ್ರಸುರುಳಿಗಳೂ ಅವುಗಳ ಪ್ರತಿಯೂ

ಲೋಕದಲ್ಲಿ ಒಂದು ವಸ್ತುವು ಬಹುಕಾಲ ಉಳಿಯಬೇಕಾದರೆ ಎರಡೇ ಮಾರ್ಗಗಳುಂಟು. ಒಂದು, ಅದು ಸ್ವತಃ ಗಟ್ಟಿಯಾಗಿರತಕ್ಕದ್ದು. ಎರಡು, ಅದು ಹಾಳಾಗುವದಕ್ಕೆ ಮುಂಚೆ ಅದರ ಪ್ರತಿಯನ್ನು ಮಾಡುವವನೊಬ್ಬನು ದೊರೆಯತಕ್ಕದ್ದು. ಈ ಎರಡನೆಯ ಮಾರ್ಗದ ಬೆಲೆಯು ನಮ್ಮ ಬಸವಕಲ್ಯಾಣದವರಿಗೆ ಚೆನ್ನಾಗಿ ತಿಳಿದಿರಬೇಕು. ಆರನೆಯ ವಿಕ್ರಮಾದಿತ್ಯನ ಅರಮನೆಯನ್ನು ಇಂದು ಇಲ್ಲಿ ಯಾರೂ ಕಾಣಲಾರರು. ಆದರೆ ಕಾಶ್ಮೀರದಿಂದ ಬಂದು ಆತನ ಆಸ್ಥಾನವನ್ನು ಸೇರಿದ ಬಿಲ್ಹಣಕವಿಯು ರಚಿಸಿದ ‘ವಿಕ್ರಮಾಂಕದೇವಚರಿತ’ವು ಉಳಿದಿದೆ. ಹೇಗೆ ಉಳಿಯಿತು? 1874ರಲ್ಲಿ ಬ್ಯೂಲರ್ ಎಂಬ ಜರ್ಮನ್ ಪಂಡಿತನು ಮರುಭೂಮಿಯ ನಡುವಿನ ಜೈಸಲ್ಮೇರದ ಜೈನ ಭಾಂಡಾರದಲ್ಲಿ ಅದರ ತಾಳೆಗರಿಯ ಪ್ರತಿಯೊಂದನ್ನು ಕಂಡು, ಸಂಗಡಿಗನಾದ ಯಾಕೋಬಿಯೊಡನೆ ಅಲ್ಲಿಯೇ ಕುಳಿತು ನಕಲು ಮಾಡಿಕೊಂಡನು. ಮರುವರ್ಷ ಅದು ಮುಂಬಯಿಯಲ್ಲಿ ಅಚ್ಚಾಯಿತು. ಕಲ್ಯಾಣದ ಅರಸನ ಚರಿತ್ರೆಯನ್ನು ಅಷ್ಟು ದೂರದ ಮರಳುಗಾಡಿನಲ್ಲಿ ಹೆಸರರಿಯದ ಲಿಪಿಕಾರನೊಬ್ಬನು ಕಾಯ್ದನು. ಶರಣರ ವಚನಗಳ ಸಂಗತಿಯೂ ಹೀಗೆಯೇ. ಫ. ಗು. ಹಳಕಟ್ಟಿಯವರು ಮನೆಮನೆಗೆ ತಿರುಗಿ ಓಲೆಯ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರಡಿಸದಿದ್ದರೆ, ಎಷ್ಟು ವಚನಗಳು ಗೆದ್ದಲಿಗೆ ಆಹಾರವಾಗುತ್ತಿದ್ದವೋ ಹೇಳಬರುವಂತಿಲ್ಲ.

ಈ ಪೀಠಿಕೆಯನ್ನು ಹಾಕಿದ್ದಕ್ಕೆ ಕಾರಣವಿದೆ. ನಮ್ಮ ಕಾಲದ ಗೃಹಸ್ಥರ ಮನೆಗಳಲ್ಲಿಯೂ ಇಂಥ ಓಲೆಯ ಕಟ್ಟುಗಳಿವೆ. ಅವು ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ, ಹಳೆಯ ಲಗ್ನಪತ್ರಿಕೆಗಳ ಕೆಳಗೆ, ಬೇವಿನ ಎಲೆಗಳ ನಡುವೆ ಬಿದ್ದಿವೆ. ಅಪರೂಪಕ್ಕೆ ಒಂದೆರಡು ಮನೆಗಳಲ್ಲಿ ಫಿಲ್ಮಿನ ಸಣ್ಣ ರೀಲುಗಳು. ಬಹಳಷ್ಟು ಮನೆಗಳಲ್ಲಿ ಮದುವೆಯ, ಗೃಹಪ್ರವೇಶದ, ಜಾತ್ರೆಯ ವಿಡಿಯೋ ಕ್ಯಾಸೆಟ್ಟುಗಳು. ನಮ್ಮ ಭಾಗದಲ್ಲಿ ಇವುಗಳ ಬೆಲೆಯು ಬೇರೆ ಕಡೆಗಿಂತ ಒಂದು ಗುಂಜಿ ಹೆಚ್ಚೆಂದೇ ಹೇಳಬೇಕು. 1948ರ ಸಪ್ಟಂಬರದ ಮುಂಚಿನ ಗಲಭೆಯ ತಿಂಗಳುಗಳಲ್ಲಿ ನಿಜಾಮಶಾಹಿಯ ಈ ತಾಲೂಕುಗಳಿಂದ ಅನೇಕ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಗಡಿ ದಾಟಿ ಹೋದವು. ತಿರುಗಿ ಬಂದಾಗ ಮನೆಯಲ್ಲಿ ಕಾಗದವೂ ಇರಲಿಲ್ಲ, ಪಟವೂ ಇರಲಿಲ್ಲ. ಅಂಥ ಮನೆತನಗಳಲ್ಲಿ ಹಿರಿಯರ ಮುಖವನ್ನು ತೋರಿಸತಕ್ಕ ಮೊದಲನೆಯ ಸಾಧನವೇ ಈ ರೀಲು, ಈ ಕ್ಯಾಸೆಟ್ಟು.

ಇವುಗಳ ಸ್ವಭಾವವನ್ನು ಮೊದಲು ತಿಳಿಯತಕ್ಕದ್ದು. ರೀಲು ಬೇರೆ, ಕ್ಯಾಸೆಟ್ಟು ಬೇರೆ. ರೀಲಿನ ಮೇಲೆ ಇರುವವು ನಿಜವಾದ ಚಿತ್ರಗಳು. ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಕಾಣುವವು. ಮನೆಯವರು ಬಳಸಬಹುದಾದ 16 ಮಿಲಿಮೀಟರ್ ಅಗಲದ ಫಿಲ್ಮನ್ನು ಕೊಡಾಕ್ ಕಂಪನಿಯು 1923ರಲ್ಲಿಯೂ, 8 ಮಿಲಿಮೀಟರಿನದನ್ನು 1932ರಲ್ಲಿಯೂ, ಸೂಪರ್ 8 ಎಂಬದನ್ನು 1965ರಲ್ಲಿಯೂ ಹೊರತಂದಿತು. ಸೂಪರ್ 8ರ 50 ಅಡಿಯ ರೀಲಿನಲ್ಲಿ 3600 ಚಿತ್ರಗಳು ಹಿಡಿಸುತ್ತವೆ. ಸೆಕೆಂದಿಗೆ 18ರಂತೆ ಓಡಿಸಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂದುಗಳಲ್ಲಿ ಆಟ ಮುಗಿಯಿತು. ಇವುಗಳ ಆಧಾರವು ಅಸಿಟೇಟ್ ಎಂಬ ಪದಾರ್ಥ. ಅದು ಬೆಂಕಿಗೆ ಬೇಗನೆ ಬೀಳದು. ಆದರೆ ಸೆಕೆಯೂ ತೇವವೂ ಕೂಡಿದಲ್ಲಿ ಒಳಗಿಂದೊಳಗೇ ಕೊಳೆತು ಆಮ್ಲವನ್ನು ಬಿಡುತ್ತದೆ, ಆ ಆಮ್ಲವೇ ಕೊಳೆಯುವಿಕೆಯನ್ನು ಮತ್ತಷ್ಟು ತ್ವರೆಗೊಳಿಸುತ್ತದೆ. ಡಬ್ಬಿಯನ್ನು ತೆರೆದೊಡನೆ ಶಿರ್ಕದ ಹುಳಿವಾಸನೆಯು ಮೂಗಿಗೆ ಬಂದರೆ ರೋಗವು ಮೊದಲಾಗಿದೆಯೆಂದು ತಿಳಿಯಬೇಕು. ಮುಂದೆ ಫಿಲ್ಮು ಕುಗ್ಗುತ್ತದೆ, ಸೊಟ್ಟಾಗುತ್ತದೆ, ಕೊನೆಗೆ ಮುಟ್ಟಿದರೆ ಮುರಿಯುತ್ತದೆ.

ಕ್ಯಾಸೆಟ್ಟಿನದು ಬೇರೆ ಕಥೆ. ಅದರ ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಏನೂ ಕಾಣದು. ಮೂರು ಗಂಟೆಯ ವಿ.ಎಚ್.ಎಸ್. ಕ್ಯಾಸೆಟ್ಟಿನೊಳಗೆ ಸುಮಾರು 250 ಮೀಟರು ಉದ್ದದ, ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿಯಿರುತ್ತದೆ. ಅದರ ಮೇಲೆ ಕಬ್ಬಿಣದ ತುಕ್ಕಿನ ಜಾತಿಯ ನುಣ್ಣನೆಯ ಹುಡಿಯನ್ನು ಅಂಟಿನಿಂದ ಲೇಪಿಸಿರುತ್ತಾರೆ. ಚಿತ್ರವೂ ಧ್ವನಿಯೂ ಆ ಹುಡಿಯ ಕಾಂತಗುಣದಲ್ಲಿ ಅಡಗಿರುತ್ತವೆ. ವಿ.ಸಿ.ಆರ್. ಯಂತ್ರದಲ್ಲಿ ಓರೆಯಾಗಿ ಕೂಡಿಸಿದ ಒಂದು ಗಾಲಿಯು ಸೆಕೆಂದಿಗೆ 25 ಸುತ್ತು ತಿರುಗುತ್ತ ಆ ಪಟ್ಟಿಯನ್ನು ಸವರಿದಾಗಲೇ ಮುಖಗಳು ಕಾಣುವವು, ಮಾತುಗಳು ಕೇಳುವವು. ಆದಕಾರಣ ಕ್ಯಾಸೆಟ್ಟಿಗೆ ಎರಡು ಸಾವುಗಳು: ಅಂಟು ಸಡಿಲಾಗಿ ಹುಡಿಯು ಉದುರಿದರೆ ಒಂದು ಸಾವು, ಪಟ್ಟಿಯು ಚೆನ್ನಾಗಿದ್ದರೂ ಓದುವ ಯಂತ್ರವೇ ಇಲ್ಲವಾದರೆ ಇನ್ನೊಂದು. 1976ರಲ್ಲಿ ಹುಟ್ಟಿದ ಈ ಪದ್ಧತಿಯ ಯಂತ್ರಗಳನ್ನು ತಯಾರಿಸುತ್ತಿದ್ದವರಲ್ಲಿ ಕೊನೆಯದೆನಿಸಿದ ಜಪಾನಿನ ಫುನಾಯಿ ಕಂಪನಿಯು 2016ರ ಜುಲೈಯಲ್ಲಿ ಆ ಕೆಲಸವನ್ನು ನಿಲ್ಲಿಸಿತು. 2019ರಲ್ಲಿ ಯುನೆಸ್ಕೋ ಸಂಸ್ಥೆಯು ಧ್ವನಿ-ದೃಶ್ಯ ಸಂಗ್ರಹಗಳ ಅಂತರರಾಷ್ಟ್ರೀಯ ಸಂಘದೊಡನೆ ಕೂಡಿ, 2025ರ ಸುಮಾರಿಗೆ ಇಂಥ ಪಟ್ಟಿಗಳನ್ನು ಓದಿಸುವದೇ ದುಸ್ಸಾಧ್ಯವಾಗಬಹುದೆಂದು ಲೋಕಕ್ಕೆ ಎಚ್ಚರಿಕೆಯನ್ನು ಕೊಟ್ಟಿತು. ಲಿಪಿಯನ್ನು ಓದಬಲ್ಲವರು ಇಲ್ಲವಾದ ಮೇಲೆ ಶಾಸನವು ಬರಿಯ ಕಲ್ಲಾಗುವದಷ್ಟೆ.

ಉದಾಸೀನದಿಂದ ಏನಾಗುತ್ತದೆಂಬದಕ್ಕೆ ಉದಾಹರಣೆಗಳಿಗೆ ಕೊರತೆಯಿಲ್ಲ. 1934ರ ಮಾರ್ಚದಲ್ಲಿ ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತೀ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. 1931ರ ‘ಆಲಂ ಆರಾ’ದ ಗತಿಯೂ ಅದೇ. ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಪುಣೆಯಲ್ಲಿ ಹುಟ್ಟಿದ್ದು 1964ರಲ್ಲಿ; ಅಷ್ಟರೊಳಗೆ ಹೋದದ್ದು ಹೋಗಿತ್ತು. ಉಳಿದದ್ದನ್ನು ಜತನ ಮಾಡಿದರೆ ಏನಾಗುವದೆಂಬದಕ್ಕೂ ಉದಾಹರಣೆಯಿದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಅದರ ಮೂಲ ನೆಗೆಟಿವ್‌ನಿಂದ ಸಂಸ್ಕರಿಸಿ, 2024ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ತೋರಿಸಿದರು. ವೇದಪಾಠಶಾಲೆಯ ಹುಡುಗನೊಬ್ಬನ ಕಣ್ಣಿನಿಂದ ನೋಡಿದ ಆ ಕಥೆಯು ಪಾಠಶಾಲೆಯಲ್ಲಿಯೇ ಬೆಳೆದ ಈ ಲೇಖಕನಿಗೆ ವಿಶೇಷವಾಗಿ ಮನಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹುಮನಾಬಾದದ ಮೇಲೆ ಹಾಯ್ದು ಪುಣೆಗೆ ಹೋಗುವ ಹೆದ್ದಾರಿಯಿದ್ದ ಮಾತ್ರಕ್ಕೆ ನಮ್ಮ ಮನೆಯ ರೀಲುಗಳು ಪುಣೆಯ ಸಂಗ್ರಹಾಲಯವನ್ನು ಸೇರುವವೇ? ನನ್ನ ತಂಗಿಯ ಮದುವೆಯನ್ನು ಕಾಯುವದು ಸರಕಾರದ ಕೆಲಸವಲ್ಲ. ಅದು ನಮ್ಮದೇ ಕೆಲಸ.

ನಮ್ಮ ಮನೆಯಲ್ಲಿದ್ದವು ಮೂರು ರೀಲು, ಒಂದು ಕ್ಯಾಸೆಟ್ಟು. ರೀಲುಗಳನ್ನು ತೆಗೆದವರು ನನ್ನ ಚಿಕ್ಕಪ್ಪನವರು. ಅವರು ಹೈದರಾಬಾದದಲ್ಲಿ ನೌಕರಿಯಲ್ಲಿದ್ದಾಗ ಸ್ನೇಹಿತರೊಬ್ಬರಿಂದ ಸೂಪರ್ 8 ಕ್ಯಾಮರಾ ಒಂದನ್ನು ಕೊಂಡು, 1969ರ ಜನವರಿಯಲ್ಲಿ ಹುಮನಾಬಾದದ ವೀರಭದ್ರೇಶ್ವರ ಜಾತ್ರೆಗೆ ಬಂದವರು ತೇರು, ಅಂಗಡಿಸಾಲು, ಮನೆಯ ಅಂಗಳ ಎಲ್ಲವನ್ನೂ ಹಿಡಿದಿದ್ದರು. ಕ್ಯಾಸೆಟ್ಟು 1989ರಲ್ಲಿ ಅದೇ ಊರಿನಲ್ಲಿ ನಡೆದ ನನ್ನ ತಂಗಿಯ ಮದುವೆಯದು. ನಿವೃತ್ತನಾದ ಮೇಲೆ ಟ್ರಂಕನ್ನು ಇಳಿಸಿ ನೋಡಿದಾಗ ಒಂದು ರೀಲಿನ ಡಬ್ಬಿಯಿಂದ ಶಿರ್ಕದ ವಾಸನೆಯು ಬಂದಿತು. ಆ ರೀಲು ಸುರುಳಿಯಂತಿರದೆ ಒಣಗಿದ ಸಂಡಿಗೆಯಂತೆ ಸೆಟೆದಿತ್ತು. ಉಳಿದೆರಡು ಬದುಕಿದ್ದವು.

ರೀಲುಗಳನ್ನು ಹೈದರಾಬಾದದ ಒಬ್ಬ ಕುಶಲಿಗನ ಬಳಿಗೆ ನಾನೇ ಒಯ್ದೆನು. ಹಳೆಯ ಪ್ರೊಜೆಕ್ಟರಿಗೆ ಹಾಕಿದರೆ ಕುಗ್ಗಿದ ಫಿಲ್ಮಿನ ತೂತುಗಳು ಹಲ್ಲಿಗೆ ಸಿಕ್ಕಿ ಹರಿಯುವವೆಂದು ಆತನು ಅವನ್ನು ನುಣುಪಾದ ಉರುಳೆಗಳ ಮೇಲೆ ಮೆಲ್ಲಗೆ ಸಾಗಿಸಿ, ಒಂದೊಂದೇ ಚಿತ್ರವನ್ನು ನಿಲ್ಲಿಸಿ ಅದರ ಪಡಿಯಚ್ಚನ್ನು ತೆಗೆದನು. ಎರಡು ರೀಲಿಗೆ ಏಳು ಸಾವಿರಕ್ಕೂ ಹೆಚ್ಚು ಚಿತ್ರಗಳು! ಅವೆಲ್ಲ ಕೂಡಿ ಆರೂವರೆ ನಿಮಿಷದ ಆಟ.

ಆ ಆರೂವರೆ ನಿಮಿಷಗಳನ್ನು ಮನೆಯಲ್ಲಿ ಕುಳಿತು ನೋಡಿದಾಗಲೇ ನಿಜವಾದ ತೊಡಕು ಕಂಡುಬಂದದ್ದು. ಚಿತ್ರವು ಸ್ಪಷ್ಟವಾಗಿತ್ತು; ಜನರು ಯಾರು? ತಂದೆಯವರನ್ನೂ ತಾಯಿಯವರನ್ನೂ ನಾನು ಗುರುತಿಸಿದೆನು. ಅಂಗಳದಲ್ಲಿ ಓಡಾಡುವ ಮಿಕ್ಕ ಹದಿನೇಳು ಜನರಲ್ಲಿ ನನಗೆ ತಿಳಿದವರು ಐವರು. ಮಕ್ಕಳಿಗಂತೂ ತಮ್ಮ ಅಜ್ಜನೊಬ್ಬನ ಹೊರತು ಎಲ್ಲರೂ ಅಪರಿಚಿತರು. ಯಂತ್ರವು ಮುಖವನ್ನು ಪ್ರತಿಮಾಡುತ್ತದೆ, ಹೆಸರನ್ನು ಪ್ರತಿಮಾಡುವದಿಲ್ಲ. ಹೆಸರು ಇರುವ ಸ್ಥಳವು ಬೇರೆ.

ನಮ್ಮ ಮನೆಯಲ್ಲಿ ಆ ಸ್ಥಳವೆಂದರೆ ಹುಮನಾಬಾದದಲ್ಲಿರುವ ನನ್ನ ಸೋದರತ್ತೆಯವರು. ಅವರಿಗೆ ಎಂಬತ್ತಾರು ವರ್ಷ. ನೆನಪು ಕನ್ನಡಿಯಂತಿದೆ, ಕಣ್ಣು ಮಾತ್ರ ಐದಾರು ವರ್ಷಗಳ ಹಿಂದೆಯೇ ಹೋಗಿದೆ. ಕಣ್ಣಿದ್ದವನಿಗೆ ಹೆಸರು ಗೊತ್ತಿಲ್ಲ, ಹೆಸರು ಬಲ್ಲವರಿಗೆ ಕಣ್ಣಿಲ್ಲ. ನಾನು ಅವರ ಪಕ್ಕದಲ್ಲಿ ಕುಳಿತು ಕಂಡದ್ದನ್ನು ವರ್ಣಿಸತೊಡಗಿದೆನು. “ಎಡಕ್ಕೆ ಒಬ್ಬ ಹೆಣ್ಣುಮಗಳು, ಇಳಕಲ್ಲ ಸೀರೆ, ಮೂಗಿನಲ್ಲಿ ನತ್ತು, ಬಗಲಲ್ಲಿ ಕೂಸು, ಕೂಸಿನ ತಲೆಗೆ ಕುಂಚಿಗೆ” ಎಂದೆನು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕುಂಚಿಗೀಗಿ ಗೊಂಡೆ ಅವ ಏನ, ತಮ್ಮಾ?” ಎಂದು ಕೇಳಿದರು. ಇವೆ ಎಂದೆನು. “ಹಂಗಾದ್ರ ಆ ಕೂಸು ನಿನ್ನ ತಂಗಿ. ಎತ್ತಿಕೊಂಡಾಕಿ ನಾನೇ” ಎಂದರು. ಮೂವತ್ತರ ಆಜುಬಾಜಿನ ಆ ನಗುಮುಖವು ಎಂಬತ್ತಾರರ ಈ ಮುಖವೇ ಎಂದು ನಾನು ಇಬ್ಬರನ್ನೂ ತಿರುತಿರುಗಿ ನೋಡಿದೆನು. ಹೀಗೆ ಮೂರು ದಿನ ಕುಳಿತು ಹದಿನಾರು ಹೆಸರುಗಳನ್ನು ಒಂದು ವಹಿಯಲ್ಲಿ ಬರೆದುಕೊಂಡೆನು: ಯಾವ ನಿಮಿಷ, ಯಾವ ಸೆಕೆಂದು, ಎಡದಿಂದ ಎಷ್ಟನೆಯವರು, ನಮಗೆ ಏನಾಗಬೇಕು.

ಕ್ಯಾಸೆಟ್ಟಿನ ಕೆಲಸವು ಬಸವಕಲ್ಯಾಣದಲ್ಲಿಯೇ ಆಯಿತು. ಇಲ್ಲಿಯ ಒಬ್ಬ ತರುಣನು ಕೆಟ್ಟ ನಾಲ್ಕು ವಿ.ಸಿ.ಆರ್.ಗಳ ಭಾಗಗಳನ್ನು ಕೂಡಿಸಿ ಒಂದನ್ನು ನಡೆಯುವಂತೆ ಮಾಡಿಕೊಂಡಿದ್ದಾನೆ. ಪಟ್ಟಿಗೆ ಬಿಳಿಯ ಬೂಜು ಹಿಡಿದಿತ್ತು. ಆತನು ಡಬ್ಬಿಯ ತಿರುಪುಗಳನ್ನು ಬಿಚ್ಚಿ, ಪಟ್ಟಿಯನ್ನು ಒರೆಸಿ, ಬೇರೊಂದು ಶುದ್ಧವಾದ ಡಬ್ಬಿಗೆ ಅದನ್ನು ಸೇರಿಸಿ, ಆಮೇಲೆಯೇ ಯಂತ್ರಕ್ಕೆ ಹಾಕಿದನು. ಇದರಲ್ಲಿ ಅವಸರವು ಸಲ್ಲದು. ಮೂರು ಗಂಟೆಯ ಕ್ಯಾಸೆಟ್ಟನ್ನು ಇಳಿಸುವದಕ್ಕೆ ಮೂರು ಗಂಟೆಯೇ ಬೇಕು. ಗೆರೆಗಳ ನಡುಕವನ್ನು ನಿಲ್ಲಿಸುವ ಉಪಕರಣವೊಂದರ ಮೂಲಕ ಹಾಯ್ದು ಅದು ಕಂಪ್ಯೂಟರನ್ನು ಸೇರಿತು. ಚಿತ್ರದ ಗುಣವನ್ನು ಹೆಚ್ಚು ಹಿಂಡದೆ ಇಟ್ಟರೆ ಗಂಟೆಗೆ 13 ಗೀಗಾಬೈಟಿನಷ್ಟು ಸ್ಥಳವು ಬೇಕಾಗುತ್ತದೆ. ಫೋನಿನಲ್ಲಿ ನೋಡುವದಕ್ಕೆ ಹಗುರವಾದ ಪ್ರತಿಯನ್ನು ಬೇರೆಯಾಗಿ ಮಾಡಬಹುದು. ಆದರೆ ಹಗುರವಾದದ್ದನ್ನೇ ಮೂಲವೆಂದು ಇಟ್ಟುಕೊಳ್ಳಬಾರದು.

ಆ ಕಾಲದ ಮದುವೆಯ ಕ್ಯಾಸೆಟ್ಟುಗಳಿಗೆ ಒಂದು ಶಾಪವಿತ್ತು. ವಿಡಿಯೋದವರು ಅಲಂಕಾರವೆಂದು ಮೂಲಧ್ವನಿಯನ್ನು ಅಳಿಸಿ, ಉದ್ದಕ್ಕೂ ಸಿನಿಮಾದ ಹಾಡುಗಳನ್ನು ತುಂಬುತ್ತಿದ್ದರು. ನಮ್ಮ ಕ್ಯಾಸೆಟ್ಟೂ ಹಾಗೆಯೇ. ತಂದೆಯವರು ಅಕ್ಷತೆಯನ್ನು ಹಂಚುತ್ತ ತುಟಿಯಲ್ಲಾಡಿಸುತ್ತಾರೆ. ಕೇಳುವದು ಯಾವನೋ ನಾಯಕನ ಹಾಡು. ಹೆಣ್ಣುಮಕ್ಕಳು ಸೋಬಾನ ಹಾಡುತ್ತಾರೆ, ಕೇಳುವದು ವಾದ್ಯಗೋಷ್ಠಿ. ಆದರೆ ಕೊನೆಯಲ್ಲಿ, ಊಟದ ಪಂಕ್ತಿಯ ಹನ್ನೊಂದು ನಿಮಿಷಗಳಲ್ಲಿ ಹಾಡು ಮುಗಿದುಹೋಗಿ, ಮೂಲಧ್ವನಿಯು ಹಾಗೆಯೇ ಉಳಿದಿತ್ತು. ಎಲೆಗಳ ಸಪ್ಪಳ, ಬಡಿಸುವವರ ಕೂಗು, ಯಾರದೋ ಕೆಮ್ಮು, ದೂರದಲ್ಲೊಂದು ಬಸ್ಸಿನ ಭೋಂಕಾರ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಬೆಲೆಯಿಲ್ಲದ ಭಾಗವೆಂದು ಬಿಟ್ಟದ್ದೇ ಅತ್ಯಂತ ಬೆಲೆಯುಳ್ಳದ್ದಾಯಿತು. ಈ ಸಲ ಅತ್ತೆಯವರಿಗೆ ನನ್ನ ವರ್ಣನೆಯು ಬೇಕಾಗಲಿಲ್ಲ. ಧ್ವನಿಯಿಂದಲೇ ಒಬ್ಬೊಬ್ಬರನ್ನು ಹೇಳುತ್ತ ಹೋದರು: ಇವಳು ಇಂಥವರ ಸೊಸೆ, ಇಂವ ತಾಳಮಡಗಿಯಿಂದ ಬಂದ ಅಡಿಗೆಯವ, ಈ ಕೆಮ್ಮು ನಿನ್ನ ಸೋದರಮಾವನದು.

ಆಮೇಲೆ ಒಂದು ಧ್ವನಿಯು ಬಂದಿತು: “ಏ, ಆ ಕಡೀ ಸಾಲಿಗಿ ತುಪ್ಪ ಬಂದಿಲ್ಲ ನೋಡ್ರಿ!” ಅತ್ತೆಯವರು ಥಟ್ಟನೆ ಸುಮ್ಮನಾದರು. ಅದು ನನ್ನ ಚಿಕ್ಕಪ್ಪನವರ ಧ್ವನಿ. ಆ ಮದುವೆಯಾದ ಎರಡು ವರ್ಷಕ್ಕೆ ಹೊಲದ ಪಾಲಿನ ಸಂಬಂಧವಾಗಿ ಮನೆತನವು ಒಡೆಯಿತು. ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಅವರು ತೀರಿಕೊಂಡಾಗ ನಮ್ಮ ಕಡೆಯವರು ಹೋಗಲಿಲ್ಲ. ಅವರ ಕಡೆಯವರು ಕರೆಯಲೂ ಇಲ್ಲ. ಅವರು ತೆಗೆದ ರೀಲುಗಳಲ್ಲಿ ಅವರೆಲ್ಲಿಯೂ ಇಲ್ಲ; ಕ್ಯಾಮರಾದ ಹಿಂದಿರುವವನು ಚಿತ್ರದಲ್ಲಿ ಬೀಳುವದುಂಟೇ? ಮನೆಯ ಹುಡುಗರು, “ಫೈಲಿನಲ್ಲಿ ಕತ್ತರಿಸುವದು ಎರಡು ನಿಮಿಷದ ಕೆಲಸ, ಆ ಭಾಗ ಯಾಕೆ?” ಎಂದರು. ಹಿಂದೆ ಪಟ್ಟಿಯನ್ನು ಕತ್ತರಿಸಬೇಕಾದರೆ ಕತ್ತರಿಯನ್ನು ಹಿಡಿಯಬೇಕಾಗಿತ್ತು, ಕೈ ನಡುಗುತ್ತಿತ್ತು. ಈಗ ಬೆರಳೊಂದನ್ನು ಒತ್ತಿದರೆ ಆಯಿತು. ನಾನು ಒಪ್ಪಲಿಲ್ಲ. ಪಾಠಶಾಲೆಯಲ್ಲಿ ನಾವು ನೋಡಿದ ಹಳೆಯ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು, ತಾವು ಕಂಡಂತೆಯೇ ಬರೆದಿರುವದಾಗಿಯೂ, ತಪ್ಪೊಪ್ಪುಗಳನ್ನು ತಮ್ಮ ಮೇಲೆ ಹೊರಿಸಬಾರದೆಂದೂ ಬರೆಯುತ್ತಿದ್ದರು. ಪ್ರತಿಮಾಡುವವನಿಗೆ ತಿದ್ದುವ ಅಧಿಕಾರವಿಲ್ಲ. ಲಿಪಿಕಾರನು ತನಗೆ ಸೇರದ ಶ್ಲೋಕಗಳನ್ನೆಲ್ಲ ಬಿಡುತ್ತ ಹೋದರೆ ಗ್ರಂಥವು ಉಳಿದೀತೇ? ಅತ್ತೆಯವರು ನನ್ನ ವಾದವನ್ನೇನೂ ಕೇಳಲಿಲ್ಲ. “ಅಂವ ಇದ್ದ, ಇರಲಿ. ಇನ್ನೊಮ್ಮಿ ಕೇಳಸು” ಎಂದಷ್ಟೇ ಹೇಳಿದರು. ನಾಲ್ಕು ಸಲ ಕೇಳಿದರು.

ಪ್ರತಿಯು ಶುದ್ಧವಾಗಿದೆಯೋ ಇಲ್ಲವೋ ಎಂಬದನ್ನು ತಿಳಿಯುವ ಉಪಾಯವನ್ನೂ ಆ ತರುಣನು ನನಗೆ ತೋರಿಸಿದನು. ಒಂದು ಫೈಲನ್ನೆಲ್ಲ ಗಣಿತದಿಂದ ಅರೆದು ಅಕ್ಷರ-ಅಂಕೆಗಳ ಒಂದು ಚಿಕ್ಕ ಮುದ್ರೆಯನ್ನು ತೆಗೆಯಬಹುದಂತೆ. ಫೈಲಿನಲ್ಲಿ ಒಂದು ಕಣವು ಬದಲಾದರೂ ಮುದ್ರೆಯು ಬೇರೆಯಾಗುವದು. ವರ್ಷಕ್ಕೊಮ್ಮೆ ಮುದ್ರೆಯನ್ನು ತೆಗೆದು ಹಳೆಯದರೊಡನೆ ಹೋಲಿಸಿದರೆ ಪ್ರತಿಯು ಕೆಟ್ಟಿದೆಯೋ ಎಂಬದು ತಿಳಿಯುತ್ತದೆ. ಇದನ್ನು ಕೇಳಿ ನನಗೆ ನಗು ಬಂದಿತು. ಬಾಲ್ಯದಲ್ಲಿ ನಮ್ಮ ಗುರುಗಳು ಒಂದೇ ಮಂತ್ರವನ್ನು ಪದವಾಗಿ ಬಿಡಿಸಿ, ಕ್ರಮದಲ್ಲಿ ಎರಡೆರಡಾಗಿ ಜೋಡಿಸಿ, ಜಟೆಯಲ್ಲಿ ಹಿಂದು ಮುಂದಾಗಿ ಹೆಣೆದು, ಘನದಲ್ಲಿ ಮತ್ತೂ ತೊಡಕಾಗಿ ಹೇಳಿಸುತ್ತಿದ್ದದ್ದು ಯಾತಕ್ಕೆ? ಒಂದು ಸ್ವರವು ಜಾರಿದರೂ ಮುಂದಿನ ಹೆಣಿಗೆಯಲ್ಲಿ ಅದು ಸಿಕ್ಕಿಬೀಳಲೆಂದು. ಪುಸ್ತಕವಿಲ್ಲದೆ ಸಾವಿರಾರು ವರ್ಷ ಪ್ರತಿಮಾಡಿದವರ ಉಪಾಯವೂ ಈ ಹುಡುಗನ ಉಪಾಯವೂ ಒಂದೇ ಕುಲದವು.

ವಾಚಕರಿಗೆ ಈಗ ನಾಲ್ಕು ಮಾತುಗಳನ್ನು ಬಿನ್ನವಿಸುವೆನು. ಮೊದಲನೆಯದು, ಡಿಜಿಟಲ್ ಆದೊಡನೆ ಅಮರವಾಯಿತೆಂದು ನಂಬಬಾರದು. ಹಾರ್ಡ್ ಡಿಸ್ಕು ಕೆಲವೇ ವರ್ಷ ಬಾಳುವ ಯಂತ್ರ. ಪೆನ್ ಡ್ರೈವ್ ಕಳೆದುಹೋಗುವ ವಸ್ತು. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿರಲಿ. ನಮ್ಮದು ಬಸವಕಲ್ಯಾಣದಲ್ಲೊಂದು, ಹುಮನಾಬಾದದಲ್ಲೊಂದು, ತಂಗಿಯ ಮನೆಯಲ್ಲೊಂದು. ಎರಡನೆಯದು, ಮೂಲವನ್ನು ಎಸೆಯಬಾರದು. ತಂಪಾದ, ಒಣಗಿದ ಸ್ಥಳದಲ್ಲಿ, ತಗಡಿನ ಮಾಡಿನಿಂದ ದೂರವಾಗಿಡಬೇಕು. ಮುಂದೆ ಇದಕ್ಕಿಂತ ಚೆನ್ನಾಗಿ ಓದುವ ಯಂತ್ರವು ಬರಬಹುದು. ಮೂರನೆಯದು, ನವರಾತ್ರಿಯಲ್ಲಿ ಸರಸ್ವತಿಯನ್ನು ಕೂಡಿಸಿ ಪುಸ್ತಕಗಳನ್ನು ಧೂಳು ಝಾಡಿಸಿ ಇಡುವ ದಿನವೇ ಈ ಫೈಲುಗಳನ್ನೂ ತೆರೆದು ನೋಡುವ ನಿಯಮವನ್ನಿಟ್ಟುಕೊಳ್ಳಬೇಕು. ನಾಲ್ಕನೆಯದೇ ಎಲ್ಲಕ್ಕೂ ಮುಖ್ಯವಾದದ್ದು. ಯಂತ್ರವನ್ನು ನಾಳೆ ಹುಡುಕಿದರೂ ನಡೆದೀತು. ಹೆಸರು ಬಲ್ಲ ಹಿರಿಯರನ್ನು ಇಂದೇ ಕೂಡಿಸಿಕೊಂಡು ಕೇಳಬೇಕು. ವಿ.ಸಿ.ಆರ್. ಮುರಿದರೆ ನಾಲ್ಕನ್ನು ಕೂಡಿಸಿ ಒಂದನ್ನು ಮಾಡಬಹುದು. ಎಂಬತ್ತಾರು ವರ್ಷದ ಅತ್ತೆಯವರಿಗೆ ಬದಲಿ ಭಾಗಗಳು ಎಲ್ಲಿ ಸಿಕ್ಕಾವು?

ನಮ್ಮ ವಹಿಯಲ್ಲಿ ಒಂದು ಸಾಲು ಇನ್ನೂ ಖಾಲಿಯಿದೆ. 1969ರ ರೀಲಿನಲ್ಲಿ, ಎರಡನೆಯ ನಿಮಿಷದ ಕೊನೆಗೆ, ವೀರಭದ್ರೇಶ್ವರನ ತೇರಿನ ಹಗ್ಗದ ಬಳಿ ಒಬ್ಬ ಎತ್ತರದ ಮನುಷ್ಯನು ನಿಂತಿದ್ದಾನೆ. ತಲೆಗೆ ಗುಲಾಬಿ ರುಮಾಲು, ಬಲಗೈಯಲ್ಲಿ ಮುರಿದ ಕೊಡೆ, ಎಡಗೈಯ ಬೆರಳು ಹಿಡಿದ ಎರಡು ಜಡೆಯ ಹುಡುಗಿ. ಅವನು ಕ್ಯಾಮರಾದ ಕಡೆಗೆ ನೋಡಿ, ಬಹಳ ಬಲ್ಲವನಂತೆ ಕೈಯೆತ್ತಿ ಏನೋ ಹೇಳುತ್ತಾನೆ. ಅತ್ತೆಯವರಿಗೂ ಈತನ ಗುರುತು ಹತ್ತಲಿಲ್ಲ. ಬಲ್ಲವರಾದ ಚಿಕ್ಕಪ್ಪನವರು ಈಗಿಲ್ಲ. ಆ ಹುಡುಗಿಗೆ ಈಗ ಅರವತ್ತರ ಮೇಲಾಗಿರಬೇಕು. ಹುಮನಾಬಾದದ ವಾಚಕರಲ್ಲಿ ಯಾರಿಗಾದರೂ ಇಂಥ ತಂದೆಯ ನೆನಪಿದ್ದರೆ, ಸಂಪಾದಕರ ಮೂಲಕ ಒಂದು ಮಾತನ್ನು ತಿಳಿಸಬೇಕೆಂದು ಕೋರುತ್ತೇನೆ. ಚಿತ್ರದ ಪ್ರತಿಯೊಂದನ್ನು ಅವರಿಗೆಂದು ತೆಗೆದಿಟ್ಟಿದೆ.